ಕಚೇರಿ ಬಿಟ್ಟು ಅಡುಗೆಗೆ ಇಳಿಯುವವರಿಗೆ: ಊಟದ ಡಬ್ಬಿಯೋ, ಕಡಕ್ ರೊಟ್ಟಿಯೋ?

ವಿಜಯಪುರದಲ್ಲಿ ಕಚೇರಿ ಕೆಲಸ ಬಿಟ್ಟು ಮನೆಯ ಅಡುಗೆಯನ್ನೇ ಜೀವನೋಪಾಯವಾಗಿಸಿಕೊಳ್ಳಲು ಬಯಸುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ದಿನದ ಊಟದ ಡಬ್ಬಿ ಕಟ್ಟುವುದು, ಇಲ್ಲವೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯಂಥ ಬಾಳಿಕೆಯ ಪದಾರ್ಥಗಳನ್ನು ಮಾರುವುದು.

ಡಬ್ಬಿಯ ಹಣ ತಿಂಗಳ ಲೆಕ್ಕದಲ್ಲಿ ಬರುವುದರಿಂದ ಸಂಬಳಕ್ಕೆ ಒಗ್ಗಿದ ಮನೆಗೆ ಅದು ದೊಡ್ಡ ಆಸರೆ. ಆದರೆ ನಸುಕಿನಲ್ಲೇ ಎದ್ದು ರೊಟ್ಟಿ, ಪಲ್ಯ, ಅನ್ನ, ಸಾರು ಮಾಡಿ ಮಧ್ಯಾಹ್ನದೊಳಗೆ ತಲುಪಿಸಲೇಬೇಕು. ಜ್ವರ ಬಂದರೂ ರಜೆಯಿಲ್ಲ, ಉಳಿದ ಪಲ್ಯವೆಲ್ಲ ನಷ್ಟ.

ತೇವ ಆರುವಂತೆ ಬೇಯಿಸಿದ ಜೋಳದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲವಾದ್ದರಿಂದ, ಬಿಡುವಿನ ದಿನ ಬಡಿದಿಟ್ಟು ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯವರಿಗೂ ಕಳಿಸಬಹುದು. ಶೇಂಗಾ ಚಟ್ನಿಗೆ ಮಾತ್ರ ಹೆಚ್ಚಿನ ಎಚ್ಚರ ಬೇಕು: ಎಣ್ಣೆಯಂಶ ಹೆಚ್ಚಿರುವುದರಿಂದ ಗಾಳಿ, ಬೆಳಕು ತಾಗಿದರೆ ಬೇಗ ಕಮಟು ವಾಸನೆ ಹಿಡಿಯುತ್ತದೆ. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ, ತಯಾರಿಸಿದ ದಿನಾಂಕ, ಬಳಕೆಯ ಅವಧಿ ನಮೂದಾಗಿರಬೇಕು.

ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನೋಂದಣಿ ಎರಡಕ್ಕೂ ಕಡ್ಡಾಯ. 2020ರಲ್ಲಿ ಆರಂಭವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯು ಸಾಲ ಪಡೆದು ಕಿರು ಆಹಾರ ಸಂಸ್ಕರಣಾ ಘಟಕ ಹಾಕುವವರಿಗೆ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಪಡಿಸಿತು; ಇದು ಡಬ್ಬಿಗಿಂತ ರೊಟ್ಟಿ ಘಟಕಕ್ಕೆ ಹೊಂದುವಂಥದ್ದು.

ಕೆಲಸ ಬಿಟ್ಟರೆ ಸಂಬಳದ ಜೊತೆಗೆ ಭವಿಷ್ಯ ನಿಧಿಗೆ ಮಾಲೀಕರು ಕಟ್ಟುತ್ತಿದ್ದ ಪಾಲೂ ನಿಲ್ಲುತ್ತದೆ. ಲಾಭವನ್ನು ಈ ಒಟ್ಟು ಮೊತ್ತದೊಂದಿಗೇ ಹೋಲಿಸಬೇಕು. ಆದ್ದರಿಂದ ನೌಕರಿಯಲ್ಲಿರುವಾಗಲೇ ರೊಟ್ಟಿ-ಚಟ್ನಿಯಿಂದ ಆರಂಭಿಸುವುದು ಸುರಕ್ಷಿತವೆಂದು ನಾನು ದೃಢವಾಗಿ ನಂಬುತ್ತೇನೆ. ಮನೆಯಲ್ಲಿ ಇನ್ನೊಬ್ಬರ ನೆರವು ಪ್ರತಿದಿನ ಖಾತ್ರಿಯಾಗಿ ಸಿಗುವವರು ಮಾತ್ರ ಡಬ್ಬಿಯನ್ನು ಆರಿಸಿಕೊಳ್ಳಲಿ.