ಪುಣೆಯಲ್ಲಿ ಕೊಂಡ ಗ್ಯಾಸ್ ಥರ್ಮಾಮೀಟರ್: ಉಪಕರಣ ಚೆನ್ನಾಗಿದೆ, ಕೈಪಿಡಿಯನ್ನು ತಿದ್ದಿಕೊಳ್ಳಿ

ನಾನು ಪುಣೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಕಳೆದ ಜೂನ್‌ನಲ್ಲಿ ನಮ್ಮ ಲ್ಯಾಬ್‌ಗೆ ಜಾಲಿ ಬಲ್ಬ್ ಉಪಕರಣ ತಂದೆವು. ಗಾಳಿಯ ಗಾತ್ರ ಬದಲಾಗದಂತೆ ಹಿಡಿದು, ಅದರ ಒತ್ತಡದಿಂದ ತಾಪಮಾನ ಅಳೆಯುವ ಗ್ಯಾಸ್ ಥರ್ಮಾಮೀಟರ್ ಇದು. ಸದಾಶಿವ ಪೇಠೆಯ ಒಂದು ಹಳೇ ಅಂಗಡಿಯಲ್ಲಿ ಸಿಕ್ಕಿತು. ಪಾದರಸ ಬಿಟ್ಟು ₹3,400 ಆಯಿತು. ಕೊಳ್ಳುವ ಮುಂಚೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿದ್ದೆ, ಒಂದು ಸಾಲೂ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ಒಂದು ವರ್ಷ ಬಳಸಿ ನೋಡಿ ಬರೆಯುತ್ತಿದ್ದೇನೆ.

ನೋಡೋಕೆ ತುಂಬಾ ಸಾದಾ. ಮರದ ಸ್ಟ್ಯಾಂಡು, ಮಧ್ಯೆ ಒಂದು ಸ್ಕೇಲು. ಒಂದು ಕಡೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಗಾಜಿನ ಬಲ್ಬು, ಅದರಿಂದ ಹೊರಟ ಸಣ್ಣ ಕೊಳವೆ, ಆ ಕೊಳವೆಯ ತುದಿಯಲ್ಲಿ ಒಂದು ಗುರುತು. ಇನ್ನೊಂದು ಕಡೆ ಬಾಯಿ ತೆರೆದ ಗಾಜಿನ ನಳಿಗೆ. ಎರಡನ್ನೂ ದಪ್ಪ ರಬ್ಬರ್ ಟ್ಯೂಬ್ ಸೇರಿಸುತ್ತದೆ, ಅದರೊಳಗೆ ಪಾದರಸ. ಬಲ್ಬಿನ ಗಾಳಿ ಬಿಸಿಯಾದರೆ ಪಾದರಸವನ್ನು ಕೆಳಗೆ ತಳ್ಳುತ್ತದೆ. ನೀವು ತೆರೆದ ನಳಿಗೆಯನ್ನು ಮೇಲಕ್ಕೆ ಸರಿಸಿ ಪಾದರಸವನ್ನು ಮತ್ತೆ ಗುರುತಿಗೇ ತಂದು ನಿಲ್ಲಿಸಬೇಕು. ಗಾತ್ರ ಅಷ್ಟೇ ಉಳಿಯಿತು, ಒತ್ತಡ ಮಾತ್ರ ಜಾಸ್ತಿಯಾಯಿತು. ಎರಡು ಮಟ್ಟಗಳ ವ್ಯತ್ಯಾಸವನ್ನು ಆ ದಿನದ ವಾಯುಭಾರಕ್ಕೆ ಕೂಡಿಸಿದರೆ (ತೆರೆದ ಕಡೆಯ ಮಟ್ಟ ಕೆಳಗಿದ್ದರೆ ಕಳೆದರೆ) ಒಳಗಿನ ಗಾಳಿಯ ಒತ್ತಡ ಸಿಗುತ್ತದೆ.

ಮಾಮೂಲಿ ಥರ್ಮಾಮೀಟರ್ ಇರುವಾಗ ಇಷ್ಟೆಲ್ಲ ಯಾಕೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಪಾದರಸದ ಥರ್ಮಾಮೀಟರನ್ನೂ ಆಲ್ಕೋಹಾಲಿನದನ್ನೂ ಮಂಜುಗಡ್ಡೆಯಲ್ಲಿ ಒಂದು ಸಲ, ಬಿಸಿ ನೀರಿನಲ್ಲಿ ಒಂದು ಸಲ ಸರಿಹೊಂದಿಸಿ, ಮಧ್ಯದ ಜಾಗವನ್ನು ಸಮವಾಗಿ ಭಾಗ ಮಾಡಿದರೆ ಎರಡೂ ನಡುವೆ ಒಂದೇ ಅಂಕಿ ತೋರಿಸುವುದಿಲ್ಲ. ಒಂದೊಂದು ದ್ರವ ಒಂದೊಂದು ರೀತಿ ಹಿಗ್ಗುತ್ತದೆ ಅಲ್ವಾ. ಅನಿಲಗಳು ಹಾಗಲ್ಲ. ಒತ್ತಡ ಕಡಿಮೆ ಇದ್ದಷ್ಟೂ ಹೈಡ್ರೋಜನ್, ಹೀಲಿಯಂ, ಸಾರಜನಕ ಎಲ್ಲವೂ ಒಂದೇ ಉತ್ತರದ ಹತ್ತಿರ ಬರುತ್ತವೆ. ಅದಕ್ಕೇ 1887ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮಿತಿ ಹೈಡ್ರೋಜನ್ ತುಂಬಿದ ಗ್ಯಾಸ್ ಥರ್ಮಾಮೀಟರನ್ನೇ ಪ್ರಮಾಣವಾಗಿ ಒಪ್ಪಿಕೊಂಡಿತು. ಈಗಿನ 1990ರ ಅಂತರರಾಷ್ಟ್ರೀಯ ತಾಪಮಾನ ಮಾನದಲ್ಲೂ 3 ಕೆಲ್ವಿನ್‌ನಿಂದ ಸುಮಾರು 24.6 ಕೆಲ್ವಿನ್‌ವರೆಗೆ, ಅಂದರೆ ತೀರಾ ಕೊರೆಯುವ ಚಳಿಯ ಕಡೆ, ಹೀಲಿಯಂ ಗ್ಯಾಸ್ ಥರ್ಮಾಮೀಟರಿಗೆ ಜಾಗ ಇದೆ.

ಈಗ ಕೈಪಿಡಿಯ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ಬರೆದಿರುವುದು ಇಷ್ಟು: ಮಂಜುಗಡ್ಡೆ 0 ಡಿಗ್ರಿ, ಹಬೆ 100 ಡಿಗ್ರಿ, ಎರಡು ಚುಕ್ಕೆ ಹಾಕಿ ಗೆರೆ ಎಳೆಯಿರಿ, ಒತ್ತಡ ಸೊನ್ನೆಯಾಗುವ ಕಡೆ ಪರಮ ಶೂನ್ಯ (ತಾಪಮಾನ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ), ಅಂದರೆ ಮೈನಸ್ 273. ಡಿಸೆಂಬರ್‌ನ ಒಂದು ಬೆಳಿಗ್ಗೆ ಹಾಗೇ ಮಾಡಿದೆವು. ವಾಯುಭಾರ ಪಾದರಸದ ಎತ್ತರದಲ್ಲಿ 711 ಮಿ.ಮೀ. ಇತ್ತು. ಪುಡಿ ಮಾಡಿದ ಮಂಜುಗಡ್ಡೆಯಲ್ಲಿ ತೆರೆದ ನಳಿಗೆಯ ಪಾದರಸ ಗುರುತಿಗಿಂತ 63 ಮಿ.ಮೀ. ಕೆಳಗೆ ನಿಂತಿತು, ಅಂದರೆ ಒತ್ತಡ 648. ಹಬೆಯಲ್ಲಿ 164 ಮೇಲೆ, ಅಂದರೆ 875. ಗೆರೆ ಎಳೆದರೆ ಮೈನಸ್ 285 ಬಂತು. ಎರಡು ಸಲ ಮಾಡಿದರೂ ಅಷ್ಟೇ.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ಪುಣೆಯಲ್ಲಿ ನೀರು ನೂರಕ್ಕೆ ಕುದಿಯಲ್ವಲ್ಲ?” ಅಂದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ ಕ್ಲಾಸು ನಿಲ್ಲಿಸಿ ಎಲ್ಲರಿಂದಲೂ ಲೆಕ್ಕ ಮಾಡಿಸಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಅದಕ್ಕೇ ವಾಯುಭಾರ ಕಡಿಮೆ. 711 ಮಿ.ಮೀ. ಒತ್ತಡದಲ್ಲಿ ನೀರು ಕುದಿಯುವುದು 98 ಡಿಗ್ರಿ ಆಸುಪಾಸಿನಲ್ಲಿ. 100ರ ಬದಲು 98 ಹಾಕಿದ ಕೂಡಲೇ ಉತ್ತರ ಮೈನಸ್ 280ಕ್ಕೆ ಬಂತು. ಮುಂಬೈಯಲ್ಲೋ ಗೋವಾದ ಕರಾವಳಿಯಲ್ಲೋ ಈ ತೊಂದರೆ ಹೆಚ್ಚುಕಡಿಮೆ ಇರುವುದಿಲ್ಲ. ಪುಣೆ, ಬೆಂಗಳೂರು, ಬೆಳಗಾವಿಯವರು ಮಾತ್ರ ಕೈಪಿಡಿಯ 100ನ್ನು ಮೊದಲು ಪೆನ್ನಿನಿಂದ ಹೊಡೆದುಹಾಕಿ.

ಉಳಿದ 7 ಡಿಗ್ರಿ ಹೆಚ್ಚಿನ ಪಾಲು ಉಪಕರಣದ್ದೇ ತಪ್ಪು. ಬಲ್ಬಿಗೂ ಗುರುತಿಗೂ ನಡುವಿನ ಕೊಳವೆಯಲ್ಲಿರುವ ಗಾಳಿ ಮಂಜುಗಡ್ಡೆಯಲ್ಲೂ ಇಲ್ಲ, ಹಬೆಯಲ್ಲೂ ಇಲ್ಲ, ರೂಮಿನ ಬಿಸಿಯಲ್ಲೇ ಇರುತ್ತದೆ. ಬಲ್ಬಿನ ಗಾತ್ರದ ನೂರರಲ್ಲಿ ಎರಡು ಪಾಲು ಅಲ್ಲಿದ್ದರೂ ಸಾಕು, ಇಷ್ಟು ವ್ಯತ್ಯಾಸ ಬರುತ್ತದೆ. ಗಾಜೂ ಬಿಸಿಗೆ ಒಂಚೂರು ಹಿಗ್ಗುತ್ತದೆ. ಕೊಳವೆಯನ್ನು ಇನ್ನೂ ಸಣ್ಣದಾಗಿ ಮಾಡಬಹುದಿತ್ತು. ಇದು ನನ್ನ ನಿಜವಾದ ದೂರು.

ಇನ್ನೊಂದು ದೂರು ರಬ್ಬರ್ ಟ್ಯೂಬ್ ಬಗ್ಗೆ. ಎರಡನೇ ತಿಂಗಳಿಗೇ ಬಾಯಿಯ ಹತ್ತಿರ ಸೀಳು ಬಿಟ್ಟು ಟ್ರೇ ತುಂಬಾ ಪಾದರಸದ ಮಣಿ. ಅಂಗಡಿಗೆ ಹೋದೆ. ಕೂತಿದ್ದವರು ಅಕ್ಕಲಕೋಟ ಕಡೆಯವರು, ನನ್ನ ಮರಾಠಿ ಕೇಳಿ ತಾವೇ ಕನ್ನಡಕ್ಕೆ ಬಂದರು. “ಬ್ಯಾರೆ ಟ್ಯೂಬ್ ಕೊಡ್ತೀನ್ರಿ ಮೇಡಂ, ರೊಕ್ಕ ಬ್ಯಾಡ” ಅಂತ ದಪ್ಪನೆಯದನ್ನೇ ಕತ್ತರಿಸಿ ಕೊಟ್ಟರು. ಅದು ಇವತ್ತಿಗೂ ಗಟ್ಟಿಯಾಗಿದೆ.

ಕೈಪಿಡಿ ಹೇಳದೇ ಬಿಟ್ಟ ಮುಖ್ಯ ಮಾತು ಒಂದಿದೆ. ಹಬೆಯ ಅಳತೆ ಮುಗಿದ ತಕ್ಷಣ, ಒಲೆ ಆರಿಸುವ ಮುಂಚೆಯೇ, ತೆರೆದ ನಳಿಗೆಯನ್ನು ಪೂರ್ತಿ ಕೆಳಗೆ ಇಳಿಸಿ. ಇಲ್ಲದಿದ್ದರೆ ಗಾಳಿ ತಣಿದು ಕುಗ್ಗುತ್ತಾ ಪಾದರಸವನ್ನು ಬಲ್ಬಿನೊಳಗೇ ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು ತೆಗೆಯೋದು ಭಾರೀ ಕಷ್ಟ. ಮಂಜುಗಡ್ಡೆಗೆ ಇಳಿಸುವ ಮುಂಚೆಯೂ ಹೀಗೇ ಮಾಡಿ.

ಪಾದರಸದ ಆವಿ ಒಳ್ಳೆಯದಲ್ಲ. ಅಗಲವಾದ ಟ್ರೇ ಇಡಿ, ಕಿಟಕಿ ತೆರೆದಿಡಿ. ಚಿಕ್ಕ ಮಕ್ಕಳ ಶಾಲೆಗಾದರೆ ಇದು ಬೇಡ. ಅದೇ ಅಂಗಡಿಯಲ್ಲಿ ಲೋಹದ ಟೊಳ್ಳು ಗುಂಡಿಗೆ ಒತ್ತಡದ ಗೇಜು ಕೂರಿಸಿದ್ದು ಇದೆ, ಅದನ್ನು ತಗೊಳ್ಳಿ. ಅದರಲ್ಲಿ ಮುಳ್ಳು ನೋಡಿ ಬರೆದುಕೊಂಡರೆ ಆಯಿತು. ಹನ್ನೊಂದು, ಹನ್ನೆರಡನೇ ಕ್ಲಾಸಿಗೆ ನಾನು ಪಾದರಸದ್ದನ್ನೇ ಹೇಳುತ್ತೇನೆ. ನಳಿಗೆಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ ಗುರುತಿಗೆ ತರುವಾಗ ಒತ್ತಡ ಅನ್ನೋದು ಮಕ್ಕಳ ಬೆರಳಿಗೇ ಗೊತ್ತಾಗುತ್ತದೆ.

ಬಿಲ್ ಮಾಡಿಸುವಾಗ ಟ್ಯೂಬನ್ನು ಮಡಚಿ ನೋಡಿ, ಬಿಳಿ ಗೆರೆ ಕಂಡರೆ ಬೇರೆ ಕೇಳಿ.