ರೇಜಿಂಗ್ ಬುಲ್: ಟಿವಿ ರಿಪೇರಿ ಮಾಡಿದವನ ಕಣ್ಣಲ್ಲಿ

ಹಾಸನದ ಸಂತೆಪೇಟೆ ಕಡೆ ಮೂವತ್ತು ವರ್ಷ ಟಿವಿ ರಿಪೇರಿ ಅಂಗಡಿ ನಡೆಸಿದವನು ನಾನು. ಬಾಕ್ಸಿಂಗ್ ಅಷ್ಟಾಗಿ ಗೊತ್ತಿಲ್ಲ. ಆದರೂ ಮಗಳು ಹಾಕಿಕೊಟ್ಟ 'ರೇಜಿಂಗ್ ಬುಲ್' ಸಿನಿಮಾನ ಎರಡು ದಿನದಲ್ಲಿ ಎರಡು ಸಲ ನೋಡಿದೆ. 1980ರ ಚಿತ್ರ, ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶನ. ಜೇಕ್ ಲಮೋಟಾ ಅನ್ನೋ ನಿಜವಾದ ಬಾಕ್ಸರ್‌ನ ಕಥೆ.

ಬಿಡುಗಡೆಯಾದಾಗ ಎಲ್ಲರೂ ಹೊಗಳಲಿಲ್ಲ. ಹೊಡೆದಾಟ ಜಾಸ್ತಿ, ಇಂಥ ಕೆಟ್ಟ ಮನುಷ್ಯನನ್ನು ಎರಡು ಗಂಟೆ ಯಾಕೆ ನೋಡಬೇಕು ಅಂದವರಿದ್ದರು. ಹೆಸರಾಂತ ವಿಮರ್ಶಕಿ ಪಾಲಿನ್ ಕೇಲ್‌ಗೂ ಹಿಡಿಸಲಿಲ್ಲ. ಎಂಟು ಆಸ್ಕರ್ ನಾಮಿನೇಷನ್ ಬಂದು, ಜೇಕ್ ಪಾತ್ರ ಮಾಡಿದ ರಾಬರ್ಟ್ ಡಿ ನಿರೋ ನಟನೆಗೂ ಥೆಲ್ಮಾ ಸ್ಕೂನ್‌ಮೇಕರ್ ಎಡಿಟಿಂಗ್‌ಗೂ ಪ್ರಶಸ್ತಿ ಸಿಕ್ಕಿತು. ದಶಕ ಮುಗಿಯುವಾಗ ಅಮೆರಿಕದ ವಿಮರ್ಶಕರಾದ ರೋಜರ್ ಇಬರ್ಟ್, ಜೀನ್ ಸಿಸ್ಕೆಲ್ ಇಬ್ಬರೂ ಎಂಬತ್ತರ ದಶಕದ ಅತ್ಯುತ್ತಮ ಚಿತ್ರ ಇದೇ ಅಂದರು.

ಆ ಕೆಟ್ಟ ಮನುಷ್ಯನನ್ನು ಯಾಕೆ ನೋಡಬೇಕು ಅನ್ನೋದು ನನಗೆ ಒಂದು ದೃಶ್ಯದಲ್ಲಿ ಗೊತ್ತಾಯಿತು. ಜೇಕ್ ಮನೆಯಲ್ಲಿ ಟಿವಿ ಸರಿ ಮಾಡುತ್ತಿದ್ದಾನೆ. ಹೊಟ್ಟೆ ಬಂದಿದೆ. ಟಿವಿ ಪರದೆ ಮೇಲೆ ಚಿತ್ರ ನಿಲ್ಲುತ್ತಿಲ್ಲ. ತಮ್ಮ ಜೋಯಿ ಜೊತೆಗಿದ್ದಾನೆ. ಹೆಂಡತಿ ವಿಕಿ ಹೊರಗಿಂದ ಬಂದು, ಮೈದುನನಿಗೆ ಒಂದು ಮುತ್ತು ಕೊಟ್ಟು ಮೇಲೆ ಹೋಗುತ್ತಾಳೆ. ಅಷ್ಟೇ. ಜೇಕ್ ಒಂದು ಪ್ರಶ್ನೆ ಕೇಳುತ್ತಾನೆ, ಆಮೇಲೆ ಇನ್ನೊಂದು. ಕೊನೆಗೆ, ನನ್ನ ಹೆಂಡತಿ ಜೊತೆ ಮಲಗಿದ್ದೀಯಾ ಅಂತ ತಮ್ಮನನ್ನೇ ಕೇಳಿಬಿಡುತ್ತಾನೆ.

ಇಂಥ ಮನೆ ನಾನು ನೋಡಿದ್ದೇನೆ. ದೂರದರ್ಶನ ಒಂದೇ ಇದ್ದ ಕಾಲ. ನಾನು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಕೆಳಗಿಂದ ಮನೆಯವರು "ಬಂತು ಬಂತು... ಅಯ್ಯೋ, ಹೋಯ್ತು" ಅಂತ ಕೂಗಬೇಕು. ಒಂದು ಮನೆಯಲ್ಲಿ ಆಯಮ್ಮ ಕಿಟಕಿಗೆ ಬಂದು ಕೂಗಿದರು. "ಅವನ ಹತ್ರ ನಿಂಗೇನು ಮಾತು?" ಅಂದ ಗಂಡ. ಜೋರಾಗಿ ಅಲ್ಲ, ಮೆಲ್ಲಗೆ. ಆಮೇಲೆ ಕೆಳಗಿಂದ ಯಾರೂ ಕೂಗಲಿಲ್ಲ. ಚಿತ್ರ ಬಂತೋ ಇಲ್ಲವೋ ನೋಡೋಕೆ ನಾಲ್ಕು ಸಲ ಏಣಿ ಇಳಿದು ಹತ್ತಿದೆ. ಆ ಮೆಲ್ಲಗಿನ ದನಿ ಇವತ್ತಿಗೂ ಕಿವಿಯಲ್ಲಿದೆ. ಡಿ ನಿರೋ ಅದೇ ದನಿಯಲ್ಲಿ ಮಾತಾಡುತ್ತಾನೆ.

ರಿಂಗ್ ದೃಶ್ಯಗಳೂ ಚೆನ್ನಾಗಿವೆ. ಕಪ್ಪು ಬಿಳುಪಿನಲ್ಲಿ ಬೆವರು, ರಕ್ತ ಎಲ್ಲಾ ಒಂದೇ ಥರ ಹೊಳೆಯುತ್ತೆ. 1951ರಲ್ಲಿ ಶುಗರ್ ರೇ ರಾಬಿನ್ಸನ್ ಜೊತೆಗಿನ ಪಂದ್ಯ 13ನೇ ರೌಂಡಿಗೆ ನಿಂತಾಗ, ಹಗ್ಗದಿಂದ ರಕ್ತ ಹನಿ ಹನಿಯಾಗಿ ತೊಟ್ಟಿಕ್ಕುತ್ತೆ. ಅಲ್ಲಿ ಉಸಿರು ಹಿಡಿದು ಕೂತಿದ್ದೆ. ವಯಸ್ಸಾದ ಜೇಕ್ ಆಗೋಕೆ ಡಿ ನಿರೋ ಸುಮಾರು 27 ಕಿಲೋ ತೂಕ ಏರಿಸಿಕೊಂಡಿದ್ದರು. ಕುತ್ತಿಗೆ, ನಡಿಗೆ, ಏದುಸಿರು ಎಲ್ಲಾ ಬೇರೆ ಮನುಷ್ಯನದ್ದೇ.

ವಿಕಿ ಪಾತ್ರದಲ್ಲಿ ಮಾತ್ರ ಕೊರತೆ ಕಂಡಿತು. ಕ್ಯಾಥಿ ಮೊರಿಯಾರ್ಟಿಗೆ ಇದು ಮೊದಲ ಸಿನಿಮಾ, ನಟನೆ ತುಂಬಾ ಚೆನ್ನಾಗಿದೆ. ಆದರೆ ಆಕೆಯನ್ನು ಹೆಚ್ಚುಪಾಲು ಜೇಕ್ ಕಣ್ಣಲ್ಲೇ ತೋರಿಸುತ್ತಾರೆ. ಆಕೆ ಒಬ್ಬಳೇ ಇದ್ದಾಗ ಏನು ಯೋಚಿಸುತ್ತಾಳೆ ಅಂತ ಗೊತ್ತೇ ಆಗಲ್ಲ. ಜೇಕ್ ಬಚ್ಚಲಮನೆ ಬಾಗಿಲು ಒಡೆದು ನುಗ್ಗಿದಾಗ ನನ್ನ ಹೆಂಡತಿ "ನಿಲ್ಸಿ, ನೋಡೋಕಾಗಲ್ಲ" ಅಂತ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದಲೇ ಕೇಳಿದಳು, "ಅವಳು ಬಿಟ್ಟು ಹೋದ್ಲಾ?"

ಬೈಗುಳ ವಿಪರೀತ, ಮಕ್ಕಳ ಮುಂದೆ ಹಾಕಬೇಡಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಇಳಿಸಿದ್ದು ವಿಕಿಗೋಸ್ಕರ.