ಬಾಟಲಿಯೋ, ಡ್ರಮ್ಮೋ? ಹೊಲದಿಂದ ಹರಿದುಹೋಗುವ ರಂಜಕ ಅಳೆದು ನೋಡಿದ್ದು

ನಮ್ಮ ರಾಗಿ ಹೊಲದ ಕೆಳಗೇ ಕೆರೆ. ಮಳೆ ಬಿದ್ದ ಮೇಲೆ ಅದರಲ್ಲಿ ಹಸಿರು ಪಾಚಿ ಕಟ್ಟುತ್ತದೆ. ನಾವು ಹಾಕಿದ ಡಿಎಪಿ ಗೊಬ್ಬರದ ರಂಜಕ (ಫಾಸ್ಫರಸ್), ಅಂದರೆ ಪಾಚಿಗೂ ಗೊಬ್ಬರವಾಗುವ ಅಂಶ, ಅಲ್ಲಿಗೆ ಎಷ್ಟು ಹೋಗುತ್ತಿದೆ ಅಂತ ನನಗೆ ತಿಳಿಯಲೇಬೇಕಿತ್ತು. ಎರಡು ರೀತಿ ಅಳೆದೆ.

ಮೊದಲು ಬಾಟಲಿ. ಬದುವಿನಲ್ಲಿ ನೀರು ಹೊರಬೀಳುವ ಕಡೆ ನಿಂತು ಹಿಡಿಯುವುದು, ಅಷ್ಟೇ. ಖರ್ಚಿಲ್ಲ. ಆದರೆ ಮಳೆ ಶುರುವಾದಾಗ ಬರುವ ನೀರು ಗಟ್ಟಿ ಕೆಂಪು, ಅರ್ಧ ಗಂಟೆಯಲ್ಲಿ ತಿಳಿ. ಯಾವಾಗ ಹಿಡಿದಿರೋ ಆ ಗಳಿಗೆಯ ಲೆಕ್ಕ ಮಾತ್ರ ಸಿಗುತ್ತದೆ. ರಾತ್ರಿ ಮಳೆ ತಪ್ಪಿಹೋಗುತ್ತದೆ. ಒಟ್ಟು ಎಷ್ಟು ನೀರು ಹರಿಯಿತು ಅನ್ನುವುದಂತೂ ಗೊತ್ತಾಗುವುದೇ ಇಲ್ಲ.

ಆಮೇಲೆ ಡ್ರಮ್ಮು. 20 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗಕ್ಕೆ ಸುತ್ತ ತಗಡು ಹೂತು, ಇಳಿಜಾರಿನ ತುದಿಯಲ್ಲಿ 200 ಲೀಟರಿನ ಡ್ರಮ್ಮು ಇಟ್ಟೆ. ಅಷ್ಟು ಜಾಗದಲ್ಲಿ 1 ಮಿಲಿಮೀಟರ್ ನೀರು ಹರಿದರೂ 100 ಲೀಟರ್. ಒಂದು ಜೋರು ಮಳೆಗೇ ತುಂಬಿಬಿಡುತ್ತದೆ. ಅದಕ್ಕೇ ಡ್ರಮ್ಮಿನ ಬಾಯಿಗೆ ಒಂದೇ ಅಳತೆಯ 9 ಕಂಡಿಗಳ ತಗಡು. ಉಕ್ಕಿದ ನೀರಲ್ಲಿ ನಡುವಿನ ಕಂಡಿಯದು ಮಾತ್ರ ಎರಡನೇ ಡ್ರಮ್ಮಿಗೆ. ಅದನ್ನು 9ರಿಂದ ಗುಣಿಸಿ ಮೊದಲ ಡ್ರಮ್ಮಿನದಕ್ಕೆ ಕೂಡಿಸಿದರೆ ಒಟ್ಟು ನೀರು. ಕಂಡಿಯ ತಗಡು ರಸಮಟ್ಟ ಇಟ್ಟು ನೋಡಿದರೆ ಸಮ ಇರಬೇಕು. ಒಂದು ಸಲ ನಡುವಿನ ಕಂಡಿಗೆ ರಾಗಿ ಹುಲ್ಲಿನ ಎಳೆಯೊಂದು ಸಿಕ್ಕಿಕೊಂಡು ಆ ಮಳೆಯ ಲೆಕ್ಕವೇ ಹೋಯಿತು.

ಇನ್ನೊಂದು ಮಾತು. ರಂಜಕ ಅಳೆಯಲು ನೀರಿನ ಮಾದರಿ ತೆಗೆಯುವ ಮುಂಚೆ ಡ್ರಮ್ಮನ್ನು ತಳದಿಂದ ಚೆನ್ನಾಗಿ ಕದಡಲೇಬೇಕು. ಮೊದಲ ಸಲ ನಾನು ಮೇಲಿನ ತಿಳಿನೀರು ಮಾತ್ರ ತೆಗೆದಿದ್ದೆ. ರಂಜಕ ಬಹಳ ಕಡಿಮೆ ಬಂತು, ಖುಷಿಯೂ ಆಯಿತು. ಆದರೆ ಉತ್ತ ಹೊಲದಿಂದ ಹೋಗುವ ರಂಜಕದಲ್ಲಿ ಜಾಸ್ತಿ ಪಾಲು ಮಣ್ಣಿಗೆ ಅಂಟಿಕೊಂಡೇ ಹೋಗುತ್ತದೆ. ಅದು ತಳದ ಕೆಸರಲ್ಲಿತ್ತು.

ನೀರಿನ ರಂಜಕ ನೋಡಲು ಸಿಗುವ, ನೀಲಿ ಬಣ್ಣ ಬರುವ ಪರೀಕ್ಷಾ ಕಿಟ್ಟಿನಲ್ಲೂ ಇದೇ ತೊಂದರೆ ಅಲ್ವಾ? ಅದು ಕರಗಿದ ರಂಜಕವನ್ನಷ್ಟೇ ತೋರಿಸುತ್ತದೆ. ಕೆಸರಿನದೂ ಸೇರಬೇಕಾದರೆ ಲ್ಯಾಬಿನಲ್ಲಿ ಪರ್‌ಸಲ್ಫೇಟ್ ಅನ್ನುವ ರಾಸಾಯನಿಕ ಹಾಕಿ ಕಾಯಿಸಿಯೇ ಅಳೆಯಬೇಕು. ಕಿಟ್ಟು ಫಾಸ್ಫೇಟ್ ಲೆಕ್ಕ ಕೊಟ್ಟರೆ ಅದನ್ನು 3.07ರಿಂದ ಭಾಗಿಸಿ, ಆಗ ರಂಜಕ ಸಿಗುತ್ತದೆ.

ಯಾವ ಹೊಲದಿಂದ ಜಾಸ್ತಿ ಹೋಗುತ್ತಿದೆ ಅಂತ ಸುಮ್ನೆ ಹುಡುಕುವುದಾದರೆ ಬಾಟಲಿ ಸಾಕು. ಇಡೀ ಮಳೆಗಾಲದ ಲೆಕ್ಕಕ್ಕೆ ನಾನು ನಂಬುವುದು ಡ್ರಮ್ಮು ಮತ್ತು ಲ್ಯಾಬನ್ನೇ. ಈ ಸಲ ಪಕ್ಕದಲ್ಲೇ ಅಷ್ಟೇ ಅಳತೆಯ ಇನ್ನೊಂದು ತುಂಡಿಗೂ ತಗಡು ಹೂತಿದ್ದೇನೆ. ಒಂದರಲ್ಲಿ ಡಿಎಪಿ ಮೇಲೆ ಎರಚಿದ್ದು, ಇನ್ನೊಂದರಲ್ಲಿ ಕೂರಿಗೆಯಿಂದ ಮಣ್ಣೊಳಗೆ ಬಿಟ್ಟದ್ದು. ಮಳೆ ಬರಬೇಕು.